ಅತ್ತೆಯ ಕಿಟಕಿಗೆ ನಾನು ಕಟ್ಟಿದ ಶೋಕೇಸು

ಆ ಶೋಕೇಸನ್ನು ಯಾರಾದರೂ ಹೊಗಳಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. "ಏನ್ ಪಾಲಿಶಪ್ಪಾ, ಏನ್ ಕೆಲ್ಸ, ನಿನ್ ಕೈಗೆ ಚಿನ್ನದ ಕಡಗ ಆಕ್ಬೇಕು" ಎನ್ನುತ್ತಾರೆ ಊರಿನವರು. ಹಾಕಿ ಸ್ವಾಮಿ, ಹಾಕಿ. ಆ ಕೈಗೆ ಏನು ಹಾಕಬೇಕು ಅಂತ ನನಗೆ ಚೆನ್ನಾಗಿ ಗೊತ್ತು. ಬರೆ ಹಾಕಬೇಕು.

ನಾನು ಬಡಗಿ. ಹುಟ್ಟಿನಿಂದಲ್ಲ, ಕಲಿತು ಆದವನು. ನಮ್ಮದು ಕುರಿ ಸಾಕುವ ಮನೆ. ತಮಿಳು ಸೀಮೆಯ ಮಾರಂಡಹಳ್ಳಿಯಿಂದ ಎರಡು ಮೈಲಿ ಒಳಕ್ಕೆ ಊರು. ಕಲ್ಲುಭೂಮಿ, ರಾಗಿ, ಅವರೆ, ಮಳೆ ಬಂದ ವರ್ಷ ಟೊಮೇಟೊ. ಮನೆಯಲ್ಲಿ ಕನ್ನಡ, ಇಸ್ಕೂಲಲ್ಲಿ ತಮಿಳು, ಕುರಿಗಳ ಜೊತೆ ಎರಡೂ. ನಾನು ಅಂಬೆಗಾಲಿಡುವಾಗಲೇ ಅಮ್ಮ ತೀರಿಕೊಂಡಳಂತೆ. ನನ್ನನ್ನೂ ಅಣ್ಣನನ್ನೂ ಸಾಕಿದವಳು ಅತ್ತೆ, ಅಂದರೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಹನ್ನೊಂದು ಕುರಿ ಹೊಡೆದುಕೊಂಡು ತವರಿಗೆ ಬಂದವಳು. "ನಾನು ಬರೀಗೈಲಿ ಬಂದೋಳಲ್ಲ" ಅನ್ನುವ ಮಾತು ಅವಳ ಬಾಯಲ್ಲಿ ದಿನಕ್ಕೊಂದು ಸಲವಾದರೂ ಬರುತ್ತಿತ್ತು. ಆಮೇಲೆ ನಮ್ಮ ಮನೆಯಲ್ಲಿ ಇದ್ದ ಕುರಿಗಳೆಲ್ಲ ಆ ಹನ್ನೊಂದರ ಸಂತಾನವೇ.

ಅವಳಿಗೊಂದು ಹಟ ಇತ್ತು. ಕಾಲು ತೊಳೆಯದೆ ಯಾರೂ ಹೊಸಲು ದಾಟಬಾರದು. ಇಡೀ ದಿನ ಕುರಿ ಹಿಕ್ಕೆ ತುಳಿಯುವ ಹೆಂಗಸಿಗೆ ಮನೆಯೊಳಗೆ ಒಂದು ಹಿಕ್ಕೆ ಕಂಡರೆ ಆಗುತ್ತಿರಲಿಲ್ಲ. ಬಾಗಿಲ ಪಕ್ಕ ಒಂದು ಚಪ್ಪಡಿ, ಅದರ ಮೇಲೆ ನೀರಿನ ಬಾನಿ. ಊರಿನ ಯಜಮಾನರಾದ ಮಣೆಗಾರ್ರು ಬಂದರೂ ಅಷ್ಟೆ, ನೆಂಟರು ಬಂದರೂ ಅಷ್ಟೆ. "ಕಾಲ್ ತೊಳ್ದ್ಯೇನ್ಲಾ?" ಅಂತ ಒಳಗಿನಿಂದ ಒಂದು ಕೂಗು ಬರುತ್ತಿತ್ತು. ಮೀಸೆ ಬಂದ ಮೇಲೂ ಅಣ್ಣ ಆ ಕೂಗಿಗೆ ಬೆದರಿ ಹಿಂದೆ ಹೋಗಿ ತೊಳೆದುಕೊಂಡು ಬರುತ್ತಿದ್ದ.

ನನಗೆ ಹದಿನಾರೋ ಹದಿನೇಳೋ ಇರುವಾಗ ಅವಳು ಒಂದು ಮರಿಯ ಹಿಂದೆ ಓಡಿ ಬದುವಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕಟ್ಟುವವನು ಬಂದು ಬಿದಿರು ದಬ್ಬೆ ಕಟ್ಟಿದ, ಮೊಟ್ಟೆ ಹಚ್ಚಿದ. ಮೂಳೆ ಕೂಡಿತು, ಕಾಲು ಕೂಡಲಿಲ್ಲ. ಅಂದಿನಿಂದ ಅವಳಿಗೆ ಮಂಚವೇ ಮನೆ. ತೆವಳಿಕೊಂಡು ಹಿತ್ತಿಲಿಗೆ ಹೋಗಿ ಬರುವುದು ಬಿಟ್ಟರೆ ಬೇರೆ ಲೋಕವಿಲ್ಲ. ಆ ಸ್ಥಿತಿಯಲ್ಲೂ ನನ್ನನ್ನು ಐಟಿಐಗೆ ಸೇರಿಸಲು ಹಟ ಹಿಡಿದವಳು ಅವಳೇ. "ಒಬ್ಬ ಕುರಿ ಇಂದೆ ತಿರುಗಿದ್ರೆ ಸಾಕು, ಇನ್ನೊಬ್ಬ ಕೈಕೆಲ್ಸ ಕಲೀಲಿ" ಅಂದಳು.

ಅಪ್ಪ ಹೋದ ಮೇಲೆ ಅಣ್ಣ ಕುರಿ ಕಾಯುವುದನ್ನು ಆಳಿಗೆ ಬಿಟ್ಟು ತರಕಾರಿ ಮಂಡಿ ಹಿಡಿದ. ಕೈ ಹಿಡಿಯಿತು. ಹಳೇ ಮಣ್ಣಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ. ಮುಂದೆ ಹಾಲ್, ಹಿಂದೆ ಅತ್ತೆಗೆ ಹೆಂಚು ಹೊದಿಸಿದ ಒಂದು ರೂಮು. ರೂಮು ಅಂದರೆ ಮೂರು ಕಡೆ ಗೋಡೆ, ಒಂದು ಕಡೆ ಅಡಿಗೆಮನೆ ಕಡೆಯ ಬಾಗಿಲು, ಮೇಲೆ ಬೆಳಕಿಗೆ ಒಂದು ಗಾಜಿನ ಹೆಂಚು. ಗೋಡೆ ಏಳುವಾಗ ಅತ್ತೆ ಮಂಚದ ಮೇಲಿಂದಲೇ ಮೇಸ್ತ್ರಿಯನ್ನು ಕರೆದು, "ಅಪ್ಪಾ, ಹಾಲ್ ಕಡೀಕೆ ನಂಗೊಂದು ಕಿಟಕಿ ಬುಡು. ನಾನ್ ಕುಂತ್ರೆ ತಲೆಬಾಗ್ಲು ನೆಟ್ಟಗೆ ಕಾಣ್ಬೇಕು" ಅಂದಳು. ಬೇರೇನೂ ಕೇಳಲಿಲ್ಲ. ಎರಡಡಿ ಚದರದ ಕಿಟಕಿ. ಕಂಬಿ ಬೇಡ ಅಂದಳು. ಐಟಿಐ ಮುಗಿಸಿ ಬಂದ ನಾನು ಮೊದಲು ಮಾಡಿದ ಕೆಲಸ ಆ ಕಿಟಕಿಯ ಚೌಕಟ್ಟು. ಬೇವಿನ ಮರದಲ್ಲಿ ಮಾಡಿದೆ.

ಅಲ್ಲಿ ಕೂತರೆ ಎದುರಿಗೆ ಹಾಲ್, ಹಾಲಿನಾಚೆ ತಲೆಬಾಗಿಲು, ಬಾಗಿಲಾಚೆ ನೀರಿನ ಬಾನಿ, ಅದರಾಚೆ ಮುಳ್ಳುಬೇಲಿಯ ಕುರಿರೊಪ್ಪ. ಎಲ್ಲ ಒಂದೇ ಗೆರೆಯಲ್ಲಿ. ಬೆಳಿಗ್ಗೆ ಕುರಿ ಹೊರಡುವಾಗ ಅವಳು ನೋಡಬೇಕು, ಸಂಜೆ ಬರುವಾಗ ನೋಡಬೇಕು. ಯಾವುದು ಕುಂಟುತ್ತಿದೆ, ಯಾವುದು ಗಬ್ಬ ಆಗಿದೆ, ಯಾವ ಮರಿಗೆ ತಾಯಿ ಹಾಲು ಕೊಡುತ್ತಿಲ್ಲ, ಎಲ್ಲ ಅಲ್ಲಿಂದಲೇ ಹೇಳುತ್ತಿದ್ದಳು. ಕಾಲು ತೊಳೆಯದೆ ಬಂದವರನ್ನು ಅಲ್ಲಿಂದಲೇ ಓಡಿಸುತ್ತಿದ್ದಳು. ಕೈಯಲ್ಲಿ ಉಣ್ಣೆ ನೂಲು ಎಳೆಯುತ್ತಲೇ ಇಡೀ ಮನೆಯನ್ನು ಆ ಎರಡಡಿಯಲ್ಲಿ ಆಳುತ್ತಿದ್ದಳು.

ನಾನು ಸೇಲಂಗೆ ಹೋದೆ. ಅಲ್ಲಿ ಒಂದು ಫರ್ನಿಚರ್ ಕಾರ್ಖಾನೆಯಲ್ಲಿ ಕೆಲಸ. ಪಕ್ಕದ ಸಂದಿಯಲ್ಲಿ ಬೆಳ್ಳಿ ಕಾಲ್ಗೆಜ್ಜೆ ಮಾಡುವವರ ಟಕಟಕ, ನಮ್ಮಲ್ಲಿ ಗರಗಸದ ಗರಗರ. ಸಬ್ಬಕ್ಕಿ ಮಿಲ್ಲಿನ ಮಾಲೀಕರಿಗೆ ಗಾಜಿನ ಶೋಕೇಸು ಮಾಡಿ ಮಾಡಿ ನನ್ನ ಕೈ ಕುದುರಿತು. ಎಲ್ಲರದೂ ಒಂದೇ ಅಳತೆ: ಒಂದಡಿ ಆಳ, ಮೇಲೆ ಗೊಂಬೆ, ಕೆಳಗೆ ಡ್ರಾಯರು. ಆ ಒಂದಡಿ ಆಳವನ್ನು ನೆನಪಿಟ್ಟುಕೊಳ್ಳಿ, ನನ್ನ ಬುದ್ಧಿಯ ಆಳವೂ ಅಷ್ಟೇ ಅಂತ ಆಮೇಲೆ ಗೊತ್ತಾಯಿತು.

ಎಪ್ಪತ್ತರ ದಶಕದ ಕೊನೆ. ಒಂದು ದಿನ ಅಣ್ಣ ಇಸ್ತ್ರಿ ಶರ್ಟು ಹಾಕಿಕೊಂಡು ಕಾರ್ಖಾನೆಗೇ ಬಂದ. ಮದ್ರಾಸಿಗೆ ತರಕಾರಿ ಲಾರಿ ಜೊತೆ ಹೋಗಿದ್ದನಂತೆ. ಅಲ್ಲಿ ದೊಡ್ಡ ಮಂಡಿಯವರ ಮನೆಯಲ್ಲಿ ಟೀವಿ ನೋಡಿದನಂತೆ. "ಸುತ್ತ ಇಪ್ಪತ್ತೂರಿನಾಗೆ ಯಾರ್ ಮನೇಲೂ ಇಲ್ಲ. ಮೊದ್ಲು ನಮ್ಮನೇಲೇ ಬರ್ಬೇಕು. ಅದಕ್ಕೆ ತಕ್ಕಂಗೆ ಒಂದು ಶೋಕೇಸ್ ಮಾಡು" ಅಂದ. ಟೀವಿ ಇನ್ನೂ ಕೊಂಡಿರಲಿಲ್ಲ. ಕೊಂಡರೂ ಚಿತ್ರ ಬರುತ್ತದೋ ಇಲ್ಲವೋ ಯಾರಿಗೂ ತಿಳಿಯದು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ನಮ್ಮಣ್ಣ ಕುಲಾವಿಗೆ ಜರಿ ಹಾಕಿಸಲು ಬಂದಿದ್ದ.

"ಅಳತೆ ಏನಣ್ಣಾ?" ಅಂದೆ. ಜೇಬಿನಿಂದ ಉಣ್ಣೆ ದಾರ ತೆಗೆದು ಮೇಜಿನ ಮೇಲೆ ಇಟ್ಟ. ನಮ್ಮವರು ಕಂಬಳಿ ಅಳೆಯುವುದೂ ದಾರದಲ್ಲಿ, ಕುರಿಯ ಎದೆ ಅಳೆಯುವುದೂ ದಾರದಲ್ಲಿ. ಇವನು ಟೀವಿಯನ್ನೂ ಅಳೆದು ತಂದಿದ್ದ. ಒಂದು ಗಂಟು ಅಗಲಕ್ಕೆ, ಒಂದು ಗಂಟು ಎತ್ತರಕ್ಕೆ. ದೇವರ ಪಟಕ್ಕೆ ಕಟ್ಟು ಹಾಕಿಸುವಾಗ ಅಳೆಯುತ್ತಾರಲ್ಲ, ಹಾಗೆ ಮುಂದಿನಿಂದ ಅಳೆದಿದ್ದ. ಅದು ಎಷ್ಟು ಉದ್ದ ಹಿಂದಕ್ಕೆ ಚಾಚಿಕೊಂಡಿದೆ ಅಂತ ಅವನು ನೋಡಲಿಲ್ಲ, ನಾನು ಕೇಳಲಿಲ್ಲ. ನಾನೂ ಟೀವಿಯನ್ನು ಪೇಪರಿನ ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಸರ್ಟಿಫಿಕೇಟು ಇಟ್ಟುಕೊಂಡ ಕತ್ತೆ ನಾನು.

ಹೊರಡುವಾಗ ಅಣ್ಣ ನಮ್ಮ ಮೇಸ್ತ್ರಿಯ ಮುಂದೆ ನನ್ನ ಹೆಗಲ ಮೇಲೆ ಕೈ ಹಾಕಿ, "ನನ್ ತಮ್ಮ. ಐಟಿಐ ಓದವ್ನೆ" ಅಂದ. ಹುಟ್ಟಿದಾಗಿನಿಂದ ಅವನು ನನ್ನ ಬಗ್ಗೆ ಒಂದು ಒಳ್ಳೇ ಮಾತು ಆಡಿದ್ದು ಅದೇ ಮೊದಲು. ಆ ಒಂದು ಮಾತಿಗೆ ನಾನು ಬಿದ್ದುಹೋದೆ.

ಮೂರು ದಿನ ಕೂತು ನಕ್ಷೆ ಬರೆದೆ. ಒಂಬತ್ತಡಿ ಅಗಲ, ಏಳಡಿ ಎತ್ತರ. ನಡುವೆ ಟೀವಿಗೆ ಹಿತ್ತಾಳೆ ಪಟ್ಟಿ ಹೊಡೆದ, ಮಡಚುವ ಬಾಗಿಲಿನ ಗೂಡು, ಎರಡೂ ಕಡೆ ಗಾಜಿನ ಕಪಾಟು, ಕೆಳಗೆ ಹಿತ್ತಾಳೆ ಹಿಡಿಯ ಡ್ರಾಯರುಗಳು. ಮೊದಲ ನಕ್ಷೆಯಲ್ಲಿ ಅದನ್ನು ಬಲಗಡೆ ಗೋಡೆಗೆ ಹಾಕಿದ್ದೆ. ಊರಿಗೆ ತಂದು ತೋರಿಸಿದಾಗ ಅಣ್ಣ ಒಪ್ಪಲಿಲ್ಲ. "ಬಾಗ್ಲಾಗೆ ನಿಂತೋರಿಗೆ ನೆಟ್ಟಗೆ ಕಾಣ್ಬೇಕು. ಬಂದೋರು ಕತ್ತು ತಿರುಗ್ಸಿ ನೋಡೋದಾದ್ರೆ ಯಾಕೆ ಬೇಕು?" ಅಂದ. ಬಾಗಿಲಿಗೆ ನೆಟ್ಟಗೆ ಇದ್ದದ್ದು ಅತ್ತೆಯ ಗೋಡೆ.

"ಅಲ್ಲಿ ಕಿಟಕಿ ಐತಲ್ಲಣ್ಣ."

"ಆಯಮ್ಮ ಮಲಗಿರೋಳು ತಾನೆ, ಅವಳಿಗ್ಯಾಕೆ ಕಿಟಕಿ? ಮೇಲೆ ಗಾಳಿಗೆ ಒಂದು ಸಂದು ಬುಡು, ಸಾಕು."

ನಕ್ಷೆಯಲ್ಲಿ ಕಿಟಕಿಯನ್ನು ಚುಕ್ಕಿ ಗೆರೆಯಲ್ಲಿ ಗುರುತು ಮಾಡಿದ್ದೆ. ರಬ್ಬರು ತೆಗೆದುಕೊಂಡು ಉಜ್ಜಿಬಿಟ್ಟೆ. ಯಾರೂ ನನ್ನ ಕೈ ಹಿಡಿದು ಉಜ್ಜಿಸಲಿಲ್ಲ. ಅಣ್ಣನ ಮೇಲೆ ಎಷ್ಟು ಕೋಪ ಇದೆಯೋ ಅದರ ಎರಡರಷ್ಟು ಆ ರಬ್ಬರು ಹಿಡಿದವನ ಮೇಲಿದೆ.

ಹಲಗೆಗಳನ್ನು ಲಾರಿಯಲ್ಲಿ ತಂದು ಜೋಡಿಸಲು ನಾಲ್ಕು ದಿನ ಹಿಡಿಯಿತು. ಮೊದಲ ದಿನ ಅತ್ತೆ ಕಿಟಕಿಯಿಂದ ಮುಖ ಹಾಕಿ ನೋಡುತ್ತಿದ್ದಳು. "ಚಿಕ್ಕೋನೇ, ನನ್ ಕಿಟಕಿ ಏನಾಯ್ತದ್ಲಾ?" ಅಂದಳು. "ಏನೂ ಆಗಕಿಲ್ಲ ಅತ್ತೆ, ಸಂದು ಬುಟ್ಟೀನಿ, ಎಲ್ಲಾ ಕಾಣ್ತದೆ" ಅಂದೆ. ಹಸಿ ಸುಳ್ಳು. ಅವಳು ನಕ್ಕಳು. "ನಿನ್ ಕೆಲ್ಸ ಅಂದ್ಮೇಲೆ ನಂಗೇನ್ ಯೋಚ್ನೆ. ಮಾಡು ಮಗಾ." ನಾಲ್ಕನೇ ದಿನ ನಡುಗೂಡಿನ ಹಿಂದೆ ಪ್ಲೈವುಡ್ ಹೊಡೆದೆ. ಆಚೆ ಕಡೆ ಕತ್ತಲಾಯಿತು.  ಅವಳು ಒಂದೇ ಒಂದು ಬೈಗುಳ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಟೀವಿ ಬಂದದ್ದು ಇಪ್ಪತ್ತು ದಿನದ ಮೇಲೆ, ಹುಲ್ಲು ಸುತ್ತಿ, ಗೋಣಿ ಹೊದಿಸಿ, ತರಕಾರಿ ಲಾರಿಯಲ್ಲಿ. ನಾನೂ ಸೇಲಂನಿಂದ ಬಂದಿದ್ದೆ. ಊರೇ ಸೇರಿತ್ತು. ಅತ್ತಿಗೆ ಆರತಿ ಎತ್ತಿದಳು. ನಾಲ್ಕು ಜನ ಎತ್ತಿ ಗೂಡಿಗೆ ತಳ್ಳಿದರು. ಅರ್ಧ ಒಳಗೆ ಹೋಗಿ ನಿಂತಿತು. ಇನ್ನರ್ಧ, ಅದೂ ಮುಖ ಇರುವ ಅರ್ಧ, ಹೊರಗೆ.

"ಏನ್ಲಾ ಇದು?" ಅಂದ ಅಣ್ಣ.

"ದಾರ್ದಾಗೆ ಎರಡೇ ಗಂಟು ಇದ್ದಿದ್ದು. ಇದಕ್ಕೆ ಇಂದ್ಗಡೆ ಇಷ್ಟುದ್ದ ಒಟ್ಟೆ ಐತೆ ಅಂತ ನೀನು ಯೋಳ್ಲೇ ಇಲ್ಲ."

"ಐಟಿಐ ಓದಿರೋನು ನೀನಾ ನಾನಾ?"

ಊರಿನವರು ಮುಸಿಮುಸಿ ನಗುತ್ತಿದ್ದರು. ಅಣ್ಣನ ಮುಖ ಕೆಂಪಾಯಿತು. ಆಮೇಲೆ ಅವನಿಗೆ ಹೊಳೆಯಿತು. "ಅಲೇ, ಇಂದೇನೇ ಕಿಟಕಿ ಐತಲ್ಲ! ಆ ಹಲ್ಗೆ ಕೊಯ್ಯಿ!" ಅಂದ. ದೇವರೇ ಮಾಡಿಟ್ಟ ತೂತು ಅಂತ ಯಾರೋ ಅಂದರು. ನಾನು ಪ್ಲೈವುಡ್ ಕೊಯ್ದೆ. ಟೀವಿಯ ಹೊಟ್ಟೆ ಅತ್ತೆಯ ಕಿಟಕಿಯೊಳಗೆ ಸರಿಯಾಗಿ ಹೋಗಿ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟಕ್ಕೆ ಮುಗಿಯಲಿಲ್ಲ. ನಮ್ಮಲ್ಲಿ ದೇವರು ಕೂತರೂ ಕರಿಕಂಬಳಿ ಗದ್ದಿಗೆ, ಮದುವೆ ಗಂಡು ಕೂತರೂ ಕರಿಕಂಬಳಿ, ನ್ಯಾಯ ಹೇಳುವ ಹಿರಿಯರು ಕೂತರೂ ಕರಿಕಂಬಳಿ. "ಇಷ್ಟ್ ದೊಡ್ಡದು ಮನೀಗ್ ಬಂದೈತೆ, ಬರೀ ಅಲ್ಗೆ ಮ್ಯಾಲೆ ಕೂರುಸ್ತಾರಾ?" ಅಂತ ಅತ್ತಿಗೆ ತಕರಾರು ತೆಗೆದಳು. ಮನೆಯಲ್ಲಿ ಚೆನ್ನಾಗಿರುವ ಕರಿಕಂಬಳಿ ಒಂದೇ ಇತ್ತು, ಅತ್ತೆ ತಾನೇ ನೂತ ಉಣ್ಣೆಯಲ್ಲಿ ನೇಯಿಸಿಕೊಂಡು ಹೊದೆಯುತ್ತಿದ್ದದ್ದು. ಅದನ್ನು ಅವಳ ಮೈಮೇಲಿಂದ ತಂದು, ಎಂಟು ಮಡಿಕೆ ಮಡಚಿ ಟೀವಿ ಕೆಳಗೆ ಹಾಕಿದರು. ಅತ್ತೆ ಒಳಗಿನಿಂದ, "ತಕಳ್ರಮ್ಮ, ಒಳ್ಳೇ ಕೆಲ್ಸಕ್ಕೆ ತಾನೆ" ಅಂದಳು.

ಮನೆ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಏರಿಯಲ್ ಕಟ್ಟಿದರು. ಸ್ವಿಚ್ಚು ಹಾಕಿದರು. ಬಿಳೀ ಬೆಳಕು ಬಂತು, ಸುಸ್ಸೆಂದು ಸದ್ದು ಬಂತು, ಪರದೆ ತುಂಬ ರಾಗಿ ತೂರುವಾಗ ಹಾರುವ ಹೊಟ್ಟಿನ ಥರ ಚುಕ್ಕಿ. ಅಷ್ಟೇ. ಪೈಪನ್ನು ಪೂರ್ವಕ್ಕೆ ತಿರುಗಿಸಿದರು, ಹೊಟ್ಟು. ದಕ್ಷಿಣಕ್ಕೆ ತಿರುಗಿಸಿದರು, ಹೊಟ್ಟು. "ಯೇರ್ಕಾಡ್ ಬೆಟ್ಟದ ಮ್ಯಾಲೆ ಕಂಬ ನೆಡ್ತಾರಂತೆ. ಇನ್ನೊಂದ್ ತಿಂಗ್ಳು" ಅಂದ ಅಣ್ಣ. ಯಾರು ಹೇಳಿದರೋ ಅವನಿಗೆ. ಆದರೂ ದಿನಾ ಸಂಜೆ ಆರಕ್ಕೆ ಮಡಚುವ ಬಾಗಿಲು ತೆರೆದು ಆ ಹೊಟ್ಟು ಹಾಕಿಕೊಂಡು ಕೂರುತ್ತಿದ್ದ. ಬೀದಿಯಲ್ಲಿ ಹೋಗುವವರಿಗೆ ನೀಲಿ ಬೆಳಕು ಕಾಣಬೇಕಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇಂಥವರನ್ನು ಕಂಡೇ ಹುಟ್ಟಿದ ಮಾತು.

ಟೀವಿ ಕೂರಿಸಿದ ರಾತ್ರಿ ಅತ್ತೆಯ ರೂಮಿಗೆ ಹೋದೆ. ಕಿಟಕಿ ತುಂಬ ಟೀವಿಯ ಬೆನ್ನು. ತೂತುತೂತಿನ ರಟ್ಟು, ಒಳಗೆ ಬಲ್ಬಿನಂಥ ವಾಲ್ವುಗಳ ಕೆಂಪು, ಕಾದ ಗಾಳಿ. ಅವಳು ಅದನ್ನೇ ನೋಡುತ್ತಾ ಕೂತಿದ್ದಳು.

"ಚಿಕ್ಕೋನೇ, ಇದ್ರ ಮಕ ಆ ಕಡೀಕಾ?"

"ಊಂ ಅತ್ತೆ."

"ಸರಿ ಬುಡು" ಅಂದಳು.

ಮುಂದಿನ ಸಲ ನಾನು ಊರಿಗೆ ಬಂದಾಗ ಅಣ್ಣ ಮಂಡಿಯ ತಮಿಳು ಸ್ನೇಹಿತರನ್ನು ಮನೆಗೆ ಕರೆದಿದ್ದ. ಸಂಜೆ ಹೊತ್ತು. ಕಾಫಿ, ಬೋಂಡ. ಎಲ್ಲ ಚಾಪೆ ಮೇಲೆ ಕೂತು ಹೊಟ್ಟು ನೋಡುತ್ತಿದ್ದರು. ಒಬ್ಬರು "ಪಡಂ ವರಲಿಯಾ?" ಅಂತ, ಚಿತ್ರ ಬರಲಿಲ್ಲವೇ ಅಂತ, ಮೆಲ್ಲಗೆ ಕೇಳಿದರು. ಅಣ್ಣ ಗುಂಡಿ ತಿರುಗಿಸುತ್ತಾ, ಬರುತ್ತೆ ಬರುತ್ತೆ ಅನ್ನುತ್ತಿದ್ದ. ಅಷ್ಟರಲ್ಲಿ ಆ ಸುಸ್ಸಿನ ಒಳಗಿಂದ ಒಂದು ಹೆಂಗಸಿನ ದನಿ ಬಂತು. ಅಸ್ಪಷ್ಟವಾಗಿ, ದೂರದಿಂದ ಬಂದ ಹಾಗೆ.

ಅಣ್ಣ ಎದ್ದು ಕುಣಿದುಬಿಟ್ಟ. "ಬಂತು! ಮಾತು ಬಂತು! ಕೇಳಿ, ಕೇಳಿ!"

ಎಲ್ಲರೂ ಮುಂದಕ್ಕೆ ಬಾಗಿದರು. ದನಿ ಇನ್ನೊಂದು ಸಲ ಬಂತು, ಜೋರಾಗಿ. "ಅಡ, ಕನ್ನಡತ್ತುಲ ಪೇಸುದು!" ಅಂತ ಒಬ್ಬ ಸ್ನೇಹಿತ ಬೆರಗಾದ. ಟೀವಿ ಕನ್ನಡ ಮಾತಾಡುತ್ತಿದೆ ಅಂತ ಅತ್ತಿಗೆ ಅಡಿಗೆಮನೆಯಿಂದ ಓಡಿ ಬಂದು ಕೈ ಮುಗಿದಳು. ಮುಚ್ಚಿಡುವುದೇಕೆ, ನನಗೂ ಒಂದು ಗಳಿಗೆ ಮೈ ಜುಂ ಅಂದಿತು. ನಾನು ಮಾಡಿದ ಗೂಡಿನಲ್ಲಿ ಟೀವಿ ಮಾತಾಡುತ್ತಿದೆ ಅಂತ ಹೆಮ್ಮೆಪಟ್ಟೆ.

ಆಮೇಲೆ ಉಣ್ಣೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ದನಿ ಹೇಳುತ್ತಿದ್ದದ್ದು, "ಒಗೆ ಕಣ್ರಲಾ! ಒಗೆ! ಯಾರಾನ ಬರ್ರಲಾ!"

ಎಂಟು ಮಡಿಕೆ ಕಂಬಳಿ ಟೀವಿಯ ಕೆಳಗಿನ ಗಾಳಿ ತೂತುಗಳನ್ನು ಮುಚ್ಚಿಕೊಂಡು, ಕಾದು, ಒಳಗೊಳಗೇ ಹೊತ್ತಿಕೊಂಡಿತ್ತು. ಹೊಗೆಯೆಲ್ಲ ಹಿಂದಕ್ಕೆ, ಅತ್ತೆಯ ರೂಮಿಗೆ. ನಾನು ಎದ್ದು ಓಡುವುದರೊಳಗೆ ಅವಳು ಕುಡಿಯುವ ನೀರಿನ ಚೊಂಬನ್ನು ಎತ್ತಿ ಟೀವಿಯ ಬೆನ್ನಿಗೆ ಎರಚಿದ್ದಳು. ಢಂ ಅಂತ ಸದ್ದಾಗಿ ದೀಪವೆಲ್ಲ ಆರಿತು.

ನಾನು ಒಳಗೆ ನುಗ್ಗಿ ಅವಳನ್ನು ಎತ್ತಿಕೊಂಡು ಹಿತ್ತಿಲಿಗೆ ತಂದೆ. ಹಿಡಿಯಷ್ಟು ಮೈ. ಕಣ್ಣು ಮೂಗು ಸುರಿಯುತ್ತಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ. ಅಣ್ಣ ಹಿತ್ತಿಲಿಗೆ ಬಂದ. ಅವಳ ಹತ್ತಿರ ಬಂದನೆಂದುಕೊಂಡೆ. "ನೀರ್ ಉಯ್ದು ಕೆಡಿಸ್ಬುಟ್ಟೆಯಲ್ಲೇ ಮುದ್ಕಿ! ಬಂದಿರೋರ್ ಮುಂದೆ ಮಾನ ಕಳ್ದೆಯಲ್ಲೇ!" ಅಂದ.

ನನ್ನ ನಾಲಿಗೆಗೆ ಅವತ್ತು ಏನು ಬಂತೋ ಅದೆಲ್ಲ ಅಂದೆ. ಇಲ್ಲಿ ಬರೆಯುವಂಥದ್ದಲ್ಲ. ಕೈ ಕೈ ಮಿಲಾಯಿಸುವುದರಲ್ಲಿತ್ತು, ಊರ ಹಿರಿಯರು ಬಂದು ಬಿಡಿಸಿದರು. ಮಾರನೇ ದಿನ ಅವರ ಮುಂದೆ ಅಣ್ಣ ಒಪ್ಪಿಕೊಂಡ. ಟೀವಿ ರಿಪೇರಿಯಾಗಿ ಬಂದ ಮೇಲೆ ಬೇರೆ ಕಡೆ ಇಡುತ್ತೇನೆ, ಕಿಟಕಿ ಅತ್ತೆಗೆ ಬಿಡುತ್ತೇನೆ ಅಂದ. ನಾನು ನಂಬಿದೆ. ನಂಬಿದೆ ಅನ್ನುವುದೂ ಸುಳ್ಳು, ನಂಬುವುದು ಸುಲಭವಾಗಿತ್ತು. ಸೇಲಂನಲ್ಲಿ ಕೆಲಸ ಕಾಯುತ್ತಿತ್ತು. ಬಸ್ಸು ಹತ್ತಿದೆ.

ಮತ್ತೆ ಬಂದದ್ದು ಮೂರು ತಿಂಗಳ ಮೇಲೆ, ಮಧ್ಯಾಹ್ನ ಕಳೆದು. ಬಾಗಿಲಲ್ಲಿ ಕಾಲು ತೊಳೆಯಲು ನೋಡಿದರೆ ಬಾನಿ ಒಣಗಿತ್ತು, ತಳದಲ್ಲಿ ಪಾಚಿ. ಹಾಲಿನಲ್ಲಿ ಟೀವಿ. ಅದೇ ಗೂಡು, ಅದೇ ಕಿಟಕಿ. ಕಂಬಳಿ ಬದಲು ಕೆಳಗೆ ಎರಡು ಮರದ ತುಂಡು ಇಟ್ಟಿದ್ದರು, ಅಷ್ಟೇ ಬದಲಾವಣೆ. ಮಾತು ಕೊಟ್ಟವನು ಮಂಡಿಗೆ ಹೋಗಿದ್ದ.

ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನನ್ನ ದನಿ ಕೇಳಿ ತಿರುಗಿದಳು. ಮುಖ ಬಿಳಿಚಿಕೊಂಡಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆ, ಅವಳೇ ಮೊದಲು ಮಾತಾಡಿದಳು. "ಎಲ್ರೂ ಒಗಳ್ತಾರೆ ಕಣ್ಲಾ ನಿನ್ ಕೆಲ್ಸಾನ. ದಿನಾ ಯಾರಾನ ಬಂದು, ಎಂಥಾ ಶೋಕೇಸು ಎಂಥಾ ಶೋಕೇಸು ಅಂತಿರ್ತಾರೆ. ಇಲ್ಲೇ ಬಿದ್ಕಂಡು ಕೇಳ್ತೀನಿ. ನಂಗೆ ಸಂತೋಸ ಆಯ್ತದೆ."

ಅವಳು ವ್ಯಂಗ್ಯವಾಗಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೇ ಅಂದಳು. ಅವಳ ಕೈ ಹಿಡಿದು ಕೂತೆ. ಹೊತ್ತು ಇಳಿಯಿತು. ಗಾಜಿನ ಹೆಂಚಿನ ಬೆಳಕು ಹಳದಿಯಾದಾಗ ಅವಳು ಅಡಿಗೆಮನೆ ಕಡೆ ಕೂಗಿ, "ಕುರಿ ಬಂದ್ವೇನಮ್ಮಾ?" ಅಂದಳು.

"ಬಂದ್ವು ಅತ್ತೆ" ಅಂದಳು ಅತ್ತಿಗೆ.

ಗಂಟೆ ಸದ್ದು ಕೇಳಿಸಲಿಲ್ಲ. ಮರಿಗಳ ಕೂಗು ಕೇಳಿಸಲಿಲ್ಲ. ನಾನು ಎದ್ದು ತಲೆಬಾಗಿಲಿಗೆ ಹೋದೆ. ರೊಪ್ಪದ ಮುಳ್ಳುಬೇಲಿ ಕಿತ್ತು ಮೂಲೆಗೆ ಎಸೆದಿದ್ದರು. ಒಳಗೆ ಟೊಮೇಟೊ ಬುಟ್ಟಿಗಳನ್ನು ಒಟ್ಟಿದ್ದರು. ಒಂದು ಹಸಿ ಹಿಕ್ಕೆ ಇರಲಿಲ್ಲ.

ಅಡಿಗೆಮನೆಗೆ ಹೋಗಿ ಕೇಳಿದೆ. ಅತ್ತಿಗೆ ತಲೆ ತಗ್ಗಿಸಿ ಪಿಸುಗುಟ್ಟಿದಳು. "ಎಲ್ಡ್ ತಿಂಗ್ಳಾತು. ಟೀವಿ ರಿಪೇರೀಗೆ, ಆಮೇಲೆ ಅದ್ಯಾವ್ದೋ ಮಿಸನ್ನು ಆಕಿದ್ರೆ ಚಿತ್ರ ಬತ್ತದಂತೆ, ಅದಕ್ಕೆ. ಎಲ್ಲಾನೂ ಮಾರ್ಬುಟ್ರು ನಿಮ್ಮಣ್ಣ. ಅತ್ತೇಗ್ ಯೋಳ್ಬ್ಯಾಡ, ಎಂಗೂ ಕಾಣಕಿಲ್ಲ ಅಂದ್ರು."

ಎಂಗೂ ಕಾಣಕಿಲ್ಲ. ಹೇಗೂ ಕಾಣುವುದಿಲ್ಲ. ಕಾಣದ ಹಾಗೆ ಮಾಡಿದವನು ನಾನು. ಎರಡು ತಿಂಗಳಿಂದ ಆ ಮನೆಯಲ್ಲಿ ದಿನಾ ಸಂಜೆ ಒಬ್ಬಳು ಕೇಳುತ್ತಿದ್ದಾಳೆ, ಒಬ್ಬಳು ಸುಳ್ಳು ಹೇಳುತ್ತಿದ್ದಾಳೆ, ನಡುವೆ ನನ್ನ ಪಾಲಿಶು ಹೊಳೆಯುತ್ತಿದೆ.

ನನ್ನ ಚೀಲದಲ್ಲಿ ಗರಗಸ, ಉಳಿ ಇದ್ದವು. ಪ್ಲಗ್ಗು ಕಿತ್ತೆ. ಟೀವಿಯನ್ನು ತಬ್ಬಿ ಹಿಡಿದು ಎಳೆದು ನೆಲಕ್ಕಿಳಿಸಿದೆ. ಎದೆ ನೋವು ಬಂತು, ಪರವಾಗಿಲ್ಲ. ಅತ್ತಿಗೆ ಬಾಯಿ ಬಡಿದುಕೊಳ್ಳುತ್ತಿದ್ದಳು. ಆ ಗೂಡಿನ ಅಡಿ ಹಲಗೆ ಇದೆಯಲ್ಲ, ಟೀವಿ ಕೂರುತ್ತಿದ್ದದ್ದು, ಒಳ್ಳೇ ತೇಗದ ಹಲಗೆ, ನಾನೇ ಆರಿಸಿ ತಂದದ್ದು, ಅದಕ್ಕೆ ಗರಗಸ ಹಾಕಿದೆ. ಇನ್ನೆಂದೂ ಅಲ್ಲಿ ಏನೂ ಕೂರಬಾರದು ಅಂತ ಬುಡಕ್ಕೆ ಕೊಯ್ದೆ. ಉಳಿದ ಪ್ಲೈವುಡ್ಡನ್ನು ಒದ್ದು ಮುರಿದೆ. ಮಡಚುವ ಬಾಗಿಲುಗಳನ್ನು ಕೀಲು ಸಮೇತ ಕಿತ್ತು ಎಸೆದೆ.

ಧೂಳು ಇಳಿದಾಗ ಆ ಗೂಡಿನ ಹಿತ್ತಾಳೆ ಪಟ್ಟಿಯ ಚೌಕಟ್ಟಿನೊಳಗೆ ಅತ್ತೆಯ ಮುಖ ಇತ್ತು. ಸದ್ದಿಗೆ ಎದ್ದು ಕೂತಿದ್ದಳು. ಕಣ್ಣಿಗೆ ಬೆಳಕು ಚುಚ್ಚಿ ಕೈ ಅಡ್ಡ ಹಿಡಿದಿದ್ದಳು. ಮೆಲ್ಲಗೆ ಕೈ ಇಳಿಸಿದಳು. ಹಾಲ್ ನೋಡಿದಳು, ಬಾಗಿಲು ನೋಡಿದಳು, ಒಣಗಿದ ಬಾನಿ ನೋಡಿದಳು. ಆಮೇಲೆ ಅದರಾಚೆ ನೋಡಿದಳು. ಬಹಳ ಹೊತ್ತು ನೋಡಿದಳು. 

ಅದೇ ಹೊತ್ತಿಗೆ ಅಣ್ಣ ಮಂಡಿಯಿಂದ ಬಂದ. ಬಾಗಿಲಲ್ಲಿ ನಿಂತು ನೆಲದ ಮೇಲಿನ ಟೀವಿ ನೋಡಿದ, ಕೊಯ್ದ ಹಲಗೆ ನೋಡಿದ, ನನ್ನ ಕೈಯಲ್ಲಿನ ಗರಗಸ ನೋಡಿದ. "ಏನ್ ಮಾಡ್ದೆಲೇ ಬೋಳಿಮಗನೇ!" ಅಂತ ಒಳಕ್ಕೆ ಕಾಲಿಟ್ಟ.

"ಕಾಲ್ ತೊಳ್ದ್ಯೇನ್ಲಾ?"

ಜೋರು ದನಿಯಲ್ಲ. ಅಣ್ಣನಿಗೆ ಆಗ ನಲವತ್ತರ ಹತ್ತಿರ, ಕೊರಳಲ್ಲಿ ಚಿನ್ನದ ಚೈನು, ಮಂಡಿಯಲ್ಲಿ ಹತ್ತು ಆಳು. ಎತ್ತಿದ ಕಾಲು ಹಾಗೇ ನಿಂತಿತು. ಹಿಂದೆ ತಿರುಗಿದ. ಬಾನಿ ಒಣಗಿತ್ತಲ್ಲ, ಬಾವಿಗೆ ಹೋಗಿ ನೀರು ಸೇದಿಕೊಂಡು ಬಂದು ಚಪ್ಪಡಿ ಮೇಲೆ ನಿಂತು ಒಂದೊಂದಾಗಿ ಎರಡೂ ಕಾಲು ತೊಳೆದ. ಒಳಗೆ ಬಂದು ಶೋಕೇಸಿನ ಮುಂದೆ, ಅವಳ ಮುಖದ ಮುಂದೆ ನಿಂತ.

"ಈಗ್ ಯೋಳು" ಅಂದಳು ಅತ್ತೆ. "ನನ್ ಕುರಿ ಎಲ್ಲಿ?"